ಮೂಡಲ್ ವಿಮರ್ಶೆ: ಅಧ್ಯಾಪಕರು ಹೇಳಿದ್ದು ವಿದ್ಯಾರ್ಥಿಗೆ ತಲುಪುತ್ತದೆಯೇ?

ಆನ್‌ಲೈನ್‌ನಲ್ಲಿ ಕೋರ್ಸ್ ನಡೆಸಲು ಬಳಸುವ ಮೂಡಲ್ ತಂತ್ರಾಂಶ, ಪಾಠದ ಟಿಪ್ಪಣಿಗಳನ್ನು ಇಡುವ ಕಪಾಟಿನಂತೆ ಬಹಳ ಜನರಿಗೆ ಗೊತ್ತು. ಇಲ್ಲಿ ನೋಡಹೊರಟಿರುವುದು ಅದರ ಇನ್ನೊಂದು ಮಗ್ಗುಲು. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವಿನ ಮಾತುಕತೆಗೆ, ಓದಿನಲ್ಲಿ ಹಿಂದೆ ಬಿದ್ದವರನ್ನು ಸಮಯಕ್ಕೆ ಗುರುತಿಸುವುದಕ್ಕೆ ಈ ತಂತ್ರಾಂಶ ಎಷ್ಟರಮಟ್ಟಿಗೆ ಒದಗುತ್ತದೆ? ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬೇಕಾದ ಸಲಕರಣೆಗಳೆಲ್ಲ ಅದರಲ್ಲಿವೆ. ಆದರೆ ಸೆಟ್ಟಿಂಗ್‌ಗಳನ್ನು ಬಂದ ಹಾಗೆಯೇ ಬಿಟ್ಟರೆ ಹೇಳಿದ ಮಾತು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ, ನಿಂತದ್ದು ಎರಡೂ ಕಡೆಯವರಿಗೆ ಗೊತ್ತಾಗುವುದಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಕಟ್ಟಿದ ಈ ತಂತ್ರಾಂಶದ 1.0 ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂತು. ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶದ ಪರವಾನಗಿ (ಜಿಪಿಎಲ್) ಇರುವುದರಿಂದ ತಂತ್ರಾಂಶಕ್ಕೆ ದುಡ್ಡಿಲ್ಲ. ಖರ್ಚು ಬೀಳುವುದು ಸರ್ವರ್‌ಗೆ ಮತ್ತು ಅದನ್ನು ನೋಡಿಕೊಳ್ಳುವ ಅಡ್ಮಿನ್‌ಗೆ. ಅಡ್ಮಿನ್ ಯಾಕೆ ಮುಖ್ಯ ಎಂದರೆ, ಮೂಡಲ್‌ನ ಇಮೇಲ್‌ಗಳು ಹೊರಡುವುದೇ ಕ್ರಾನ್ ಎಂಬ ಹಿನ್ನೆಲೆಯ ಕೆಲಸದಿಂದ. ಅದು ನಿಮಿಷಕ್ಕೊಮ್ಮೆ ಓಡಬೇಕೆಂಬುದು ಮೂಡಲ್‌ನದೇ ಶಿಫಾರಸು. ಕ್ರಾನ್ ನಿಂತರೆ ಸೈಟ್ ಎಂದಿನಂತೆ ತೆರೆಯುತ್ತದೆ, ಪ್ರಕಟಣೆ ಪುಟದಲ್ಲಿ ಕಾಣುತ್ತದೆ, ಇಮೇಲ್ ಮಾತ್ರ ಯಾರಿಗೂ ಹೋಗಿರುವುದಿಲ್ಲ. ‘ನಾನು ಹಾಕಿದ್ದೆನಲ್ಲ’, ‘ನಮಗೆ ಬರಲೇ ಇಲ್ಲ’ ಎಂಬ ವಾದ ಎದ್ದಾಗ ಮೊದಲು ಪರೀಕ್ಷಿಸಬೇಕಾದ ಜಾಗ ಇದು.

ಕ್ರಾನ್ ಸರಿಯಾಗಿ ಓಡುತ್ತಿದ್ದರೂ ಪ್ರಕಟಣೆ ತಕ್ಷಣ ಹೊರಡುವುದಿಲ್ಲ. ಪ್ರತಿ ಕೋರ್ಸ್‌ನಲ್ಲೂ ಅನೌನ್ಸ್‌ಮೆಂಟ್ಸ್ (ಪ್ರಕಟಣೆಗಳು) ಎಂಬ ಫೋರಂ, ಅಂದರೆ ಬರಹಗಳನ್ನು ಹಾಕುವ ವೇದಿಕೆ, ತಾನಾಗಿಯೇ ಸೃಷ್ಟಿಯಾಗುತ್ತದೆ. ಅದರಲ್ಲಿ ಬರೆಯುವುದು ಅಧ್ಯಾಪಕರು ಮಾತ್ರ, ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯ ಚಂದಾದಾರರು. ಇಲ್ಲಿಯವರೆಗೆ ಒಳ್ಳೆಯದೇ. ಆದರೆ ಬರೆದದ್ದನ್ನು ತಿದ್ದಲು ಮೂಡಲ್ 30 ನಿಮಿಷ ಕೊಡುತ್ತದೆ, ಆ ಅವಧಿ ಮುಗಿಯುವ ತನಕ ಇಮೇಲ್ ತಡೆಹಿಡಿಯುತ್ತದೆ. ತಪ್ಪು ದಿನಾಂಕ ಹಾಕಿದವರನ್ನು ಈ ಅರ್ಧ ಗಂಟೆ ಕಾಪಾಡುತ್ತದೆ, ನಿಜ. ಆದರೆ 9 ಗಂಟೆಯ ತರಗತಿ ಇಲ್ಲ ಎಂದು 8.40ಕ್ಕೆ ಹಾಕಿದ ಸೂಚನೆ ಹೊರಡುವುದು 9.10ರ ಮೇಲೆ, ಮಕ್ಕಳೆಲ್ಲ ಬಂದು ಕೂತ ನಂತರ. ಇದಕ್ಕೆ ದಾರಿ ಇದೆ: ಬರೆಯುವ ಪೆಟ್ಟಿಗೆಯ ಕೆಳಗಿನ ‘ಅಡ್ವಾನ್ಸ್ಡ್’ ಒತ್ತಿದರೆ, ತಿದ್ದುಪಡಿಯ ಸಮಯಕ್ಕೆ ಕಾಯದೆ ಕಳುಹಿಸು ಎಂಬ ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ಮುಂದಿನ ಕ್ರಾನ್ ಓಟದಲ್ಲೇ ಇಮೇಲ್ ಹೋಗುತ್ತದೆ. ಒಮ್ಮೆ ಹೋದ ಮೇಲೆ ಪುಟದಲ್ಲಿ ತಿದ್ದಿದ್ದು ಇಮೇಲ್‌ನಲ್ಲಿ ತಿದ್ದಿಕೊಳ್ಳುವುದಿಲ್ಲ. ಆದ್ದರಿಂದ ತುರ್ತಿನ ಸೂಚನೆಗೆ ಮಾತ್ರ ಇದನ್ನು ಬಳಸಿ, ಅದೂ ಎರಡು ಸಲ ಓದಿ. ಇಷ್ಟು ಮುಖ್ಯವಾದ ಚೌಕವನ್ನು ‘ಅಡ್ವಾನ್ಸ್ಡ್’ ಒಳಗೆ ಅಡಗಿಸಿಟ್ಟಿರುವುದು ವಿನ್ಯಾಸದ ದೊಡ್ಡ ಕೊರತೆ.

ಇದರ ಮೇಲೆ ವಿದ್ಯಾರ್ಥಿಯದೇ ಒಂದು ಆಯ್ಕೆ ಇದೆ. ಫೋರಂ ಇಮೇಲ್‌ಗಳ ಕಾಟ ತಪ್ಪಿಸಲು ಕೆಲವರು ತಮ್ಮ ಪ್ರೊಫೈಲ್‌ನಲ್ಲಿ ಡೈಜೆಸ್ಟ್ ಆರಿಸಿಕೊಂಡಿರುತ್ತಾರೆ. ಆಗ ದಿನದ ಬರಹಗಳೆಲ್ಲ ಒಂದೇ ಕಟ್ಟಾಗಿ ದಿನಕ್ಕೊಮ್ಮೆ ಬರುತ್ತವೆ. ಸೆಮಿಸ್ಟರ್‌ನ ಮೊದಲ ವಾರದಲ್ಲಿ ಈ ಸೆಟ್ಟಿಂಗ್ ತೋರಿಸಿಕೊಡಲು ಐದು ನಿಮಿಷ ಸಾಕು.

ಉತ್ತರಿಸುವ ದಾರಿಯನ್ನೂ ತೆರೆದಿಡಬೇಕು. ಪ್ರಕಟಣೆಯ ಇಮೇಲ್ ಸಾಮಾನ್ಯವಾಗಿ ‘ನೋ ರಿಪ್ಲೈ’ ವಿಳಾಸದಿಂದ ಬರುತ್ತದೆ. ಇಮೇಲ್ ಮೂಲಕ ಉತ್ತರ ಸ್ವೀಕರಿಸುವ ಸೌಲಭ್ಯವನ್ನು ಅಡ್ಮಿನ್ ಹೊಂದಿಸಿರದಿದ್ದರೆ, ವಿದ್ಯಾರ್ಥಿ ಅದಕ್ಕೆ ಬರೆದ ಉತ್ತರವನ್ನು ಯಾರೂ ಓದುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಅವನು ಇನ್ನೊಮ್ಮೆ ಕೇಳುವ ಸಾಧ್ಯತೆ ಕಡಿಮೆ. ಪ್ರತಿ ಪ್ರಕಟಣೆಯ ಕೊನೆಗೆ, ಸಂದೇಹವಿದ್ದರೆ ಎಲ್ಲಿ ಬರೆಯಬೇಕು, ಎಷ್ಟು ದಿನದೊಳಗೆ ಉತ್ತರ ಸಿಗುತ್ತದೆ ಎಂದು ಒಂದು ಸಾಲು ಇರಲಿ.

ಸಂದೇಹಗಳಿಗೆ ಬೇರೆಯೇ ಫೋರಂ ತೆರೆಯಿರಿ. ಒಬ್ಬರಿಗೆ ಕೊಟ್ಟ ಉತ್ತರ ಎಂಬತ್ತು ಜನರಿಗೆ ಸಿಗುತ್ತದೆ, ಅದೇ ಅದರ ಲಾಭ. 3.7ನೇ ಆವೃತ್ತಿಯಿಂದ ಬಂದ ‘ರಿಪ್ಲೈ ಪ್ರೈವೇಟ್ಲಿ’ ಇಲ್ಲಿ ಬಹಳ ಉಪಕಾರಿ: ವಿದ್ಯಾರ್ಥಿ ತನ್ನ ಸ್ವಂತ ತೊಂದರೆಯನ್ನೋ ಅಸೈನ್‌ಮೆಂಟ್‌ನ ಉತ್ತರವನ್ನೋ ಎಲ್ಲರೆದುರು ಬರೆದುಬಿಟ್ಟಾಗ ಅವನೊಬ್ಬನಿಗೇ ಉತ್ತರಿಸಬಹುದು. ಆ ಖಾಸಗಿ ಉತ್ತರಕ್ಕೆ ಅವನು ಮತ್ತೆ ಪ್ರತಿಯಾಗಿ ಬರೆಯಲಾಗುವುದಿಲ್ಲ, ಹಾಗಾಗಿ ಮಾತು ಮುಂದುವರಿಯಬೇಕಿದ್ದರೆ ನೇರ ಸಂದೇಶಕ್ಕೆ ಹೋಗಬೇಕು. ‘ಕ್ವೆಶ್ಚನ್ ಅಂಡ್ ಆನ್ಸರ್’ ಬಗೆಯ ಫೋರಂ ಅನ್ನು ಸಂದೇಹಕ್ಕೆಂದು ಆರಿಸಬೇಡಿ. ಹೆಸರು ಹಾಗಿದ್ದರೂ, ತಾನು ಬರೆಯುವ ತನಕ ವಿದ್ಯಾರ್ಥಿಗೆ ಬೇರೆಯವರು ಬರೆದದ್ದು ಅದರಲ್ಲಿ ಕಾಣುವುದಿಲ್ಲ. ಅದು ಚರ್ಚೆಯ ಅಭ್ಯಾಸಕ್ಕೆ ಮಾಡಿದ್ದು.

ಇನ್ನು ಅಸೈನ್‌ಮೆಂಟ್. ಅತಿ ಹೆಚ್ಚು ಗೊಂದಲ, ಅತಿ ಹೆಚ್ಚು ಕಣ್ಣೀರು ಇಲ್ಲಿಯೇ.

ಗಡುವಿನ ದಿನಾಂಕ ಆರಿಸಿದಾಗ ಸಮಯದ ಜಾಗದಲ್ಲಿ 00:00 ತಾನಾಗಿಯೇ ಕೂತಿರುತ್ತದೆ. ಶುಕ್ರವಾರ 00:00 ಎಂದರೆ ಗುರುವಾರ ರಾತ್ರಿ ಮುಗಿದ ಕ್ಷಣ. ಓದಿದವರು ಶುಕ್ರವಾರ ರಾತ್ರಿ ಎಂದುಕೊಂಡು ಒಂದಿಡೀ ದಿನ ತಡವಾಗುತ್ತಾರೆ. 23:59 ಎಂದು ಬದಲಿಸುವುದು ವಾಡಿಕೆ. ಅದಕ್ಕಿಂತ ಸಂಜೆ 4 ಗಂಟೆ ಮೇಲು, ಅಪ್‌ಲೋಡ್ ಕೈಕೊಟ್ಟರೆ ಕೇಳಲು ಕಚೇರಿಯಲ್ಲಿ ಯಾರಾದರೂ ಇರುತ್ತಾರೆ. ಗಡುವಿನ ಜೊತೆಗೆ ‘ಕಟ್-ಆಫ್’ ಎಂಬ ಇನ್ನೊಂದು ದಿನಾಂಕವೂ ಇದೆ. ಗಡುವು ಮೀರಿದರೆ ಸಲ್ಲಿಕೆಗೆ ತಡವಾಯಿತೆಂಬ ಗುರುತು ಬೀಳುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ, ಮುಚ್ಚುವುದು ಕಟ್-ಆಫ್. ಅದನ್ನು ಹಾಕದಿದ್ದರೆ ಸಲ್ಲಿಕೆ ತೆರೆದೇ ಇರುತ್ತದೆ. ಮೂರನೆಯದಾದ ‘ರಿಮೈಂಡ್ ಮಿ ಟು ಗ್ರೇಡ್ ಬೈ’ ಅಧ್ಯಾಪಕರ ನೆನಪಿಗೆ ಮಾತ್ರ, ವಿದ್ಯಾರ್ಥಿಗೆ ಕಾಣದು. ಮೌಲ್ಯಮಾಪನ ಎಂದು ಮುಗಿಯುತ್ತದೆಂದು ವಿದ್ಯಾರ್ಥಿಗೂ ತಿಳಿಯಬೇಕಲ್ಲವೇ? ವಿವರಣೆಯ ಭಾಗದಲ್ಲಿ ಆ ದಿನಾಂಕವನ್ನು ಕೈಯಾರೆ ಬರೆಯಿರಿ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಡ್ರಾಫ್ಟ್ ಸ್ಥಿತಿ. ‘ವಿದ್ಯಾರ್ಥಿ ಸಬ್ಮಿಟ್ ಬಟನ್ ಒತ್ತಲೇಬೇಕು’ ಎಂಬ ಸೆಟ್ಟಿಂಗ್‌ಗೆ ‘ಹೌದು’ ಕೊಟ್ಟಿದ್ದರೆ, ಫೈಲ್ ಏರಿಸಿ ಸೇವ್ ಮಾಡಿದ ಮಾತ್ರಕ್ಕೆ ಸಲ್ಲಿಕೆ ಆಗುವುದಿಲ್ಲ. ಇನ್ನೊಂದು ಬಟನ್ ಒತ್ತಿ, ಖಚಿತಪಡಿಸಬೇಕು. ಫೈಲ್ ತೆರೆಯ ಮೇಲೆ ಕಾಣುತ್ತಿರುವುದರಿಂದ ವಿದ್ಯಾರ್ಥಿ ಮುಗಿಯಿತೆಂದು ಎದ್ದುಹೋಗುತ್ತಾನೆ. ಕಟ್-ಆಫ್ ದಾಟಿದರೆ ಆ ಬಟನ್ ಮತ್ತೆ ಸಿಗುವುದಿಲ್ಲ. ಗುರುತಿಸುವ ಉಪಾಯ ಸುಲಭ: ನಿಜವಾಗಿ ಸಲ್ಲಿಕೆಯಾದಾಗ ಮೂಡಲ್ ರಸೀದಿಯಂತೆ ಒಂದು ಸೂಚನೆ ಕಳುಹಿಸುತ್ತದೆ, ಡ್ರಾಫ್ಟ್‌ಗೆ ಕಳುಹಿಸುವುದಿಲ್ಲ. ‘ರಸೀದಿ ಬರದಿದ್ದರೆ ಸಲ್ಲಿಕೆ ಆಗಿಲ್ಲ’ ಎಂದು ತರಗತಿಯಲ್ಲಿ ಹೇಳಿ, ಪುಟದಲ್ಲೂ ಬರೆಯಿರಿ. ಅಧ್ಯಾಪಕರು ಗಡುವಿಗೆ ಒಂದು ದಿನ ಮುಂಚೆ ಸಲ್ಲಿಕೆಗಳ ಪಟ್ಟಿ ತೆರೆದು, ಡ್ರಾಫ್ಟ್‌ನಲ್ಲಿರುವವರಿಗೆ ಒಂದು ಸಾಲು ಕಳುಹಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. 4.5ನೇ ಆವೃತ್ತಿಯಿಂದೀಚೆಗೆ ಗಡುವು ಹತ್ತಿರವಾದಾಗ ಮೂಡಲ್ ತಾನೇ ನೆನಪಿಸುತ್ತದೆ, ಬಹಳ ತಡವಾಗಿ ಬಂದ ಒಳ್ಳೆಯ ಬದಲಾವಣೆ.

ಕಾಯಿಲೆಯಂಥ ಕಾರಣಕ್ಕೆ ಒಬ್ಬರಿಗೆ ಸಮಯ ಕೊಡಬೇಕಾದರೆ ಇಡೀ ತರಗತಿಯ ಗಡುವನ್ನು ಮುಟ್ಟಬೇಡಿ. ಸಲ್ಲಿಕೆಗಳ ಪಟ್ಟಿಯಲ್ಲಿ ಆ ಹೆಸರಿನ ಸಾಲಿನ ಮೆನುವಿನಿಂದ ‘ಗ್ರಾಂಟ್ ಎಕ್ಸ್‌ಟೆನ್ಷನ್’ ಕೊಡಿ, ಕಟ್-ಆಫ್ ದಾಟಿದ್ದರೂ ಅದು ನಡೆಯುತ್ತದೆ. ಹೊಸ ದಿನಾಂಕ ವಿದ್ಯಾರ್ಥಿಯ ಪುಟದಲ್ಲಿ ಕಾಣಿಸುತ್ತದೆ, ಆದರೂ ಒಂದು ಸಂದೇಶ ಬರೆದು ತಿಳಿಸಿ. ಕಷ್ಟದಲ್ಲಿರುವವರು ಆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆಂದು ನಂಬಿ ಕೂರುವುದು ಸರಿಯಲ್ಲ.

ಮೌಲ್ಯಮಾಪನದ ಟಿಪ್ಪಣಿ ವಿದ್ಯಾರ್ಥಿಯ ಕೈಸೇರದಿರಲು ಮುಖ್ಯವಾಗಿ ಎರಡು ಕಾರಣ. ಮೌಲ್ಯಮಾಪನವನ್ನು ಹಂತಹಂತವಾಗಿ ನಡೆಸುವ ‘ಮಾರ್ಕಿಂಗ್ ವರ್ಕ್‌ಫ್ಲೋ’ ಬಳಸುತ್ತಿದ್ದರೆ ಸ್ಥಿತಿ ‘ರಿಲೀಸ್ಡ್’ ಆಗುವ ತನಕ ಅಂಕವೂ ಟಿಪ್ಪಣಿಯೂ ಕಾಣುವುದಿಲ್ಲ. ‘ಮಾರ್ಕಿಂಗ್ ಕಂಪ್ಲೀಟೆಡ್’ ಎಂದು ಗುರುತಿಸಿದ ಅಧ್ಯಾಪಕರು ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಎಲ್ಲ ಹೆಸರುಗಳನ್ನು ಒಟ್ಟಿಗೆ ಆರಿಸಿ ಸ್ಥಿತಿ ಬದಲಿಸುವ ಹೊಣೆಯನ್ನು ಮೊದಲೇ ಒಬ್ಬರಿಗೆ ವಹಿಸಿಡಿ. ಎರಡನೆಯದು ಪಿಡಿಎಫ್ ಮೇಲೆ ಬರೆದ ಟಿಪ್ಪಣಿ. ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಂತೆ ಬರೆಯಬಹುದಾದ ಈ ಸೌಲಭ್ಯ ಮೂಡಲ್‌ನ ಅತ್ಯುತ್ತಮ ಭಾಗಗಳಲ್ಲಿ ಒಂದು. ಸರ್ವರ್‌ನಲ್ಲಿ ಪಿಡಿಎಫ್ ಸಂಸ್ಕರಿಸುವ ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಇಲ್ಲದಿದ್ದರೆ ಅದು ಕೆಲಸ ಮಾಡದು. ಇದ್ದರೂ, ಗ್ರೇಡ್‌ಗಳ ಪುಟದಲ್ಲಿ ವಿದ್ಯಾರ್ಥಿಗೆ ಕಾಣುವುದು ಅಂಕ ಮತ್ತು ಪೆಟ್ಟಿಗೆಯಲ್ಲಿ ಬರೆದ ಮಾತು ಮಾತ್ರ. ಗುರುತು ಹಾಕಿದ ಪಿಡಿಎಫ್ ನೋಡಲು ಅವನು ಅಸೈನ್‌ಮೆಂಟ್ ಪುಟಕ್ಕೇ ಹೋಗಬೇಕು. ಗಂಟೆಗಟ್ಟಲೆ ಕೂತು ಬರೆದ ಟಿಪ್ಪಣಿ ಯಾರ ಕಣ್ಣಿಗೂ ಬೀಳದೆ ಹೋಗುವುದು ಬಹಳ ಬೇಸರದ ಸಂಗತಿ. ಆದ್ದರಿಂದ ಟಿಪ್ಪಣಿ ಪೆಟ್ಟಿಗೆಯ ಮೊದಲ ಸಾಲೇ ‘ವಿವರ ಪಿಡಿಎಫ್‌ನಲ್ಲಿದೆ, ಅಸೈನ್‌ಮೆಂಟ್ ಪುಟ ತೆರೆದು ನೋಡಿ’ ಎಂದಿರಲಿ.

ಹಿಂದೆ ಬಿದ್ದವರನ್ನು ಹುಡುಕಲು ದುಬಾರಿ ಸಾಧನ ಬೇಕಿಲ್ಲ. ‘ಪಾರ್ಟಿಸಿಪೆಂಟ್ಸ್’ ಪುಟದ ಸೋಸುವ ಪಟ್ಟಿಯಲ್ಲಿ ‘ಇನ್‌ಆಕ್ಟಿವ್ ಫಾರ್ ಮೋರ್ ದ್ಯಾನ್’ ಆರಿಸಿ, ಒಂದು ವಾರ ಎಂದು ಕೊಡಿ. ಬಂದ ಹೆಸರುಗಳನ್ನು ಗುರುತಿಸಿ, ಕೆಳಗಿನ ಮೆನುವಿನಿಂದ ಸಂದೇಶ ಕಳುಹಿಸಿ. ಅದು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ‘ನೀವು ಲಾಗಿನ್ ಆಗಿಲ್ಲ’ ಎಂಬ ಆರೋಪದ ಧಾಟಿ ಬೇಡ. ‘ಮೂರನೇ ಘಟಕದಲ್ಲಿ ಏನಾದರೂ ತೊಡಕಾಗುತ್ತಿದೆಯೇ?’ ಎಂದು ಕೇಳಿದರೆ ಉತ್ತರಿಸಲು ಒಂದು ಎಳೆ ಸಿಗುತ್ತದೆ. ಈ ಸೋಸುವಿಕೆಗೆ ಮಿತಿಯೂ ಇದೆ: ಮೊದಲ ದಿನವೇ ಎಲ್ಲ ಇಳಿಸಿಕೊಂಡು ಮನೆಯಲ್ಲಿ ಓದುವವರೂ ಪಟ್ಟಿಗೆ ಬರುತ್ತಾರೆ, ಪುಟ ತೆರೆದು ಮುಚ್ಚಿದವರು ತಪ್ಪಿಸಿಕೊಳ್ಳುತ್ತಾರೆ. ಯಾರು ಯಾವ ಚಟುವಟಿಕೆ ಮುಗಿಸಿದ್ದಾರೆಂದು ತೋರಿಸುವ ‘ಆಕ್ಟಿವಿಟಿ ಕಂಪ್ಲೀಷನ್’ ವರದಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಕೋರ್ಸ್‌ನ ಒಂದು ಗುಂಪಿನವರೆಲ್ಲ ಒಟ್ಟಿಗೆ ಮಾತಾಡುವ ಗುಂಪು ಸಂದೇಶ 3.6ನೇ ಆವೃತ್ತಿಯಿಂದ ಇದೆ. ಅಧ್ಯಾಪಕರೂ ಆ ಗುಂಪಿನ ಸದಸ್ಯರಾಗಿರಬೇಕು, ಇಲ್ಲದಿದ್ದರೆ ಸಂಭಾಷಣೆ ಅವರಿಗೆ ಕಾಣದು.

ಮುಖಾಮುಖಿ ಭೇಟಿಯ ಸಮಯ ಹಂಚಲು, ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಆರಿಸಲು ಬಿಡುವ ‘ಚಾಯ್ಸ್’ ಚಟುವಟಿಕೆ ಸಾಕಾಗುತ್ತದೆ. 15 ನಿಮಿಷದ ಅವಧಿಗಳನ್ನು ಒಂದೊಂದು ಆಯ್ಕೆಯಾಗಿ ಬರೆದು, ಪ್ರತಿಯೊಂದಕ್ಕೂ ಮಿತಿ 1 ಎಂದಿಡಿ. ಆಯ್ಕೆ ಬದಲಿಸಲು ಅವಕಾಶ ಕೊಡಿ. ಫಲಿತಾಂಶ ವಿದ್ಯಾರ್ಥಿಗಳಿಗೆ ಕಾಣದಂತೆ ಮಾಡುವುದನ್ನು ಮರೆಯಬೇಡಿ, ಯಾರು ಸಹಾಯ ಕೇಳಿ ಬರುತ್ತಿದ್ದಾರೆ ಎಂಬುದು ಇಡೀ ತರಗತಿಗೆ ತಿಳಿಯಬೇಕಾಗಿಲ್ಲ. ಭೇಟಿಯನ್ನು ನೆನಪಿಸುವ ಸೌಲಭ್ಯ ಬೇಕಿದ್ದರೆ ಶೆಡ್ಯೂಲರ್ ಎಂಬ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ಭಾಗ) ಇದೆ. ಅದು ಮೂಡಲ್ ಜೊತೆಗೆ ಬರುವುದಿಲ್ಲ, ಅಡ್ಮಿನ್ ಹಾಕಿಕೊಡಬೇಕು, ಪ್ರತಿ ಹೊಸ ಆವೃತ್ತಿಗೆ ಹೊಂದುತ್ತದೆಯೇ ಎಂದು ನೋಡಬೇಕು.

ಇಷ್ಟೆಲ್ಲ ಹೊಂದಿಸಿದ ಮೇಲೆ ಪರೀಕ್ಷಿಸುವಾಗ ‘ಸ್ವಿಚ್ ರೋಲ್’ ಒತ್ತಿ ವಿದ್ಯಾರ್ಥಿಯಂತೆ ನೋಡಿದರೆ ಸಾಲದು. ಅದು ಪುಟದ ನೋಟವನ್ನು ತೋರಿಸುತ್ತದೆ, ಇಮೇಲ್ ಬಂತೇ, ರಸೀದಿ ಬಂತೇ ಎಂಬುದನ್ನಲ್ಲ. ಅಡ್ಮಿನ್ ಹತ್ತಿರ ಒಂದು ಪರೀಕ್ಷಾ ಖಾತೆ ಕೇಳಿ ಪಡೆದು, ಅದನ್ನು ಕೋರ್ಸ್‌ಗೆ ವಿದ್ಯಾರ್ಥಿಯಾಗಿ ಸೇರಿಸಿ. ಒಂದು ಪ್ರಕಟಣೆ ಹಾಕಿ, ಫೋನ್‌ನಲ್ಲಿ ಅದು ಎಷ್ಟು ನಿಮಿಷಕ್ಕೆ ಬಂತು ಎಂದು ಗಡಿಯಾರ ನೋಡಿ. ಒಂದು ಫೈಲ್ ಸಲ್ಲಿಸಿ, ಅಂಕ ಕೊಟ್ಟು, ಆ ಖಾತೆಯಿಂದಲೇ ಟಿಪ್ಪಣಿಯನ್ನು ಹುಡುಕಿ ತೆಗೆಯಿರಿ. ಕೋರ್ಸ್ ತೆರೆಯುವ ವಾರದ ಮೊದಲೇ ಇದು ಆಗಬೇಕು, ಮೊದಲ ಅಸೈನ್‌ಮೆಂಟ್‌ನ ಗಡುವಿನ ರಾತ್ರಿಯಲ್ಲ.