ಡಿಪಿಎಚ್‌ಪಿಸಿ ಲಿಪಿಡ್: ಪುಡಿ ಕೊಳ್ಳಬೇಕೋ, ಕ್ಲೋರೋಫಾರ್ಮ್ ದ್ರಾವಣವೋ?

ಎಣ್ಣೆಯೊಳಗೆ ಎರಡು ನೀರಹನಿ ತಾಗಿಸಿ, ನಡುವೆ ಜೀವಕೋಶದ ಪೊರೆಯಂಥ ಎರಡು ಪದರದ ಪೊರೆ ಕಟ್ಟಲು ಹೊರಟವರು ಕಣ್ಣುಮುಚ್ಚಿ ಕೊಳ್ಳಬಹುದಾದ ಲಿಪಿಡ್, ಅಂದರೆ ಪೊರೆ ಕಟ್ಟುವ ಕೊಬ್ಬಿನಂಥ ವಸ್ತು, ಡಿಪಿಎಚ್‌ಪಿಸಿ (ಡೈಫೈಟನಾಯ್ಲ್ ಫಾಸ್ಫಟಿಡೈಲ್‌ಕೋಲೀನ್). ಲಿಪಿಡ್ ಮಾರುವ ಅವಂತಿ ಪೋಲಾರ್ ಲಿಪಿಡ್ಸ್ ಕಂಪನಿಯ ಪಟ್ಟಿಯಲ್ಲಿ ಇದರ ಹೆಸರು 4ಎಂಇ 16:0 ಪಿಸಿ. ಇದರ ಅಣುವಿನ ಉದ್ದ ಇಂಗಾಲದ ಬಾಲಗಳಲ್ಲಿ ಜೋಡಿಬಂಧವಿಲ್ಲ, ಹಾಗಾಗಿ ಗಾಳಿಗೆ ಸುಲಭವಾಗಿ ಕೆಡುವುದಿಲ್ಲ. ಪಕ್ಕಕ್ಕೆ ಚಾಚಿದ ಮೀಥೈಲ್ ಕವಲುಗಳಿಂದಾಗಿ ಇದರ ಪೊರೆ ಪ್ರಯೋಗಾಲಯದ ಯಾವ ಉಷ್ಣತೆಯಲ್ಲೂ ಗಟ್ಟಿಯಾಗುವುದಿಲ್ಲ. ಡಿಒಪಿಸಿ ಎಂಬ ಇನ್ನೊಂದು ಲಿಪಿಡ್‌ನಿಂದ ಶುರುಮಾಡಿ, ಹನಿಗಳು ಒಂದಾಗುವುದನ್ನೇ ನೋಡುತ್ತ ವಾರ ಕಳೆಯುವ ಬದಲು ಮೊದಲು ಇದರಲ್ಲಿ ಕೈ ಪಳಗಿಸಿಕೊಳ್ಳಿ.

ಪುಡಿ ಮತ್ತು ಕ್ಲೋರೋಫಾರ್ಮ್ ದ್ರಾವಣ, ಎರಡು ರೂಪದಲ್ಲೂ ಸಿಗುತ್ತದೆ. ನಮ್ಮ ಆಯ್ಕೆ ದ್ರಾವಣ. ಪುಡಿ ನೀರು ಹೀರುತ್ತದೆ. ಮೈನಸ್ 20 ಡಿಗ್ರಿಯ ಫ್ರೀಜರ್‌ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಅಂಟಂಟಾಗಿ ತೂಕವೇ ತಪ್ಪುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪುಡಿಯೇ ಕೈಗೆ ಬಂದಿದ್ದರೆ ಇಡೀ ಬಾಟಲಿಯನ್ನು ಒಮ್ಮೆಗೇ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿಬಿಡಿ. ದ್ರಾವಣದ ತೊಂದರೆಯೇ ಬೇರೆ: ಮುಚ್ಚಳ ತೆರೆದಷ್ಟೂ ಕ್ಲೋರೋಫಾರ್ಮ್ ಆರಿ ಸಾಂದ್ರತೆ ಏರುತ್ತದೆ. ಅದಕ್ಕೇ ಆಂಪೂಲ್ (ದ್ರಾವಣ ಬರುವ ಮುಚ್ಚಿದ ಗಾಜಿನ ಕೊಳವೆ) ಒಡೆದ ದಿನವೇ ಹಂಚಿ ಒಣಗಿಸಿ ಇಡಬೇಕು. ಗಾಜಿನ ಸಿರಿಂಜ್, ಗಾಜಿನ ಸೀಸೆ, ಟೆಫ್ಲಾನ್ ಮುಚ್ಚಳ ಬಿಟ್ಟು ಬೇರೇನೂ ಮುಟ್ಟಬಾರದು. ಕ್ಲೋರೋಫಾರ್ಮ್ ಪ್ಲಾಸ್ಟಿಕ್‌ನಿಂದ ಕರಗಿಸಿ ತಂದದ್ದೆಲ್ಲ ಕೊನೆಗೆ ಪೊರೆಗೇ ಸೇರುತ್ತದೆ.

ಮಿಲಿಲೀಟರಿಗೆ 10 ಮಿಲಿಗ್ರಾಂ ದ್ರಾವಣವಾದರೆ 500 ಮೈಕ್ರೋಲೀಟರ್ ತೆಗೆದು, ಸೀಸೆ ತಿರುಗಿಸುತ್ತ ಸಾರಜನಕ ಹಾಯಿಸಿ ತೆಳುವಾಗಿ ಒಣಗಿಸಿ, ರಾತ್ರಿಯಿಡೀ ನಿರ್ವಾತದಲ್ಲಿಡಿ. ಕ್ಲೋರೋಫಾರ್ಮ್ ಉಳಿದರೆ ಪೊರೆ ನಿಂತರೂ ಕರೆಂಟ್ ಸೋರುತ್ತದೆ. ಮರುದಿನ 1 ಮಿಲಿಲೀಟರ್ ಹೆಕ್ಸಾಡೆಕೇನ್ ಹಾಕಿ ಕರಗಿಸಿ, ಹನಿಗಳು ಮುಳುಗಿರುವ ಎಣ್ಣೆ ಇದೇ. ಹಳೆಯ ಹೆಕ್ಸಾಡೆಕೇನ್ ಆದರೆ ಮೊದಲು ಸಿಲಿಕಾ ಜೆಲ್ ಮೂಲಕ ಹಾಯಿಸಿಕೊಳ್ಳಿ. ಇನ್ನೊಂದು ಮಾತು, ಹೆಕ್ಸಾಡೆಕೇನ್ ಸುಮಾರು 18 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಬಾಟಲಿ ಬೆಳ್ಳಗಾಗಿದ್ದರೆ ಎಣ್ಣೆ ಕೆಟ್ಟಿದೆಯೆಂದು ಚೆಲ್ಲಬೇಡಿ, ಕೈಯಲ್ಲಿ ಹಿಡಿದುಕೊಂಡರೆ ಕರಗುತ್ತದೆ.

ಈ ಲಿಪಿಡ್‌ನ ನಿಜವಾದ ಗುಣ ಕಾಣುವುದು ಈ ಎಣ್ಣೆಯಲ್ಲಿ ಹನಿ ನೇತುಹಾಕಿದಾಗ. ಹನಿಗೊಂದರಂತೆ ಎರಡು ತಂತಿ ಬೇಕು, ಕರೆಂಟ್ ಅಳೆಯುವುದೂ ಇವುಗಳಿಂದಲೇ. 100 ಮೈಕ್ರೋಮೀಟರ್ ಬೆಳ್ಳಿ ತಂತಿಯ ತುದಿಯನ್ನು ಬ್ಲೀಚ್‌ನಲ್ಲಿ ಕಪ್ಪಾಗುವವರೆಗೆ ನೆನೆಸಿ, ಅಗರೋಸ್ ಎಂಬ ಜೆಲ್‌ನಲ್ಲಿ ಅದ್ದಿ ಪುಟ್ಟ ಗುಂಡು ಮಾಡಿ. ಅದಕ್ಕೆ 200 ನ್ಯಾನೋಲೀಟರ್ ಬಫರ್ ಹನಿ: 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಪಿಎಚ್ ಕಾಯುವ ಹೆಪೆಸ್ 10 ಮಿಲಿಮೋಲಾರ್, ಪಿಎಚ್ 7.4. ಮೊದಲು ಗುಂಡಗೆ ಬಿಗಿಯಾಗಿರುವ ಹನಿ ಕೆಲ ನಿಮಿಷಗಳಲ್ಲಿ ಸಡಿಲಾಗಿ, ತಳಭಾರವಾಗಿ ಜೋಲತೊಡಗುತ್ತದೆ. ಲಿಪಿಡ್ ಮೇಲ್ಮೈ ತುಂಬುತ್ತಿದೆ, ಮೇಲ್ಮೈ ಎಳೆತ ಇಳಿಯುತ್ತಿದೆ ಎಂದರ್ಥ. ಜೋಲುವ ಮೊದಲೇ ತಾಗಿಸಿದರೆ ಎರಡೂ ಒಂದಾಗಿಬಿಡುತ್ತವೆ. ಹತ್ತು ಹದಿನೈದು ನಿಮಿಷ ಕಾಯಿರಿ. ಅಷ್ಟು ತಾಳ್ಮೆ ಇಲ್ಲದವರು ಲಿಪಿಡ್ ಅನ್ನು ಎಣ್ಣೆಯಲ್ಲಲ್ಲ, ಹನಿಯೊಳಗೇ ಹಾಕಬಹುದು: ಮಿಲಿಲೀಟರಿಗೆ 2 ಮಿಲಿಗ್ರಾಂ, 100 ನ್ಯಾನೋಮೀಟರ್ ರಂಧ್ರದ ಸೋಸುಪೊರೆಯಲ್ಲಿ 11 ಸಲ ಹಾಯಿಸಿದ ಕೋಶಿಕೆಗಳು, ಅಂದರೆ ಲಿಪಿಡ್‌ನ ಪುಟ್ಟ ಗುಳ್ಳೆಗಳು. ಪದರ ಬೇಗ ತುಂಬುತ್ತದೆ.

ಪೊರೆ ಆಯಿತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ತಂತಿಗಳಿಗೆ ಜೋಡಿಸಿದ, ಕರೆಂಟ್ ಅಳೆಯುವ ಆಂಪ್ಲಿಫೈಯರ್ ಚೆನ್ನಾಗಿ ಹೇಳುತ್ತದೆ. ತ್ರಿಕೋನ ವೋಲ್ಟೇಜ್ ಕೊಟ್ಟಾಗ ಚೌಕದಂಥ ಕರೆಂಟ್ ಬಂದು ಮೆಲ್ಲಗೆ ದೊಡ್ಡದಾಗಬೇಕು, ಪೊರೆಯ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಶಕ್ತಿ) ಏರುತ್ತಿದೆ ಎಂದರ್ಥ. ಚದರ ಸೆಂಟಿಮೀಟರಿಗೆ ಸುಮಾರು 0.65 ಮೈಕ್ರೋಫ್ಯಾರಡ್ ಹಿಡಿದರೆ, 150 ಮೈಕ್ರೋಮೀಟರ್ ಅಗಲದ ಪೊರೆಗೆ 115 ಪಿಕೋಫ್ಯಾರಡ್ ಆಗುತ್ತದೆ. ಕರೆಂಟ್ ಏಕಾಏಕಿ ಮಿತಿ ಮೀರಿದರೆ ಹನಿಗಳು ಸೇರಿವೆ. ಇಂಥ ಸಲ ಬೈಗುಳ ಲಿಪಿಡ್‌ಗೆ ಬೀಳುತ್ತದೆ, ತಪ್ಪು ಮಾತ್ರ ಬಹುಪಾಲು ಬೇರೆ ಕಡೆ: ಅಗರೋಸ್ ದಾಟಿ ಚುಚ್ಚುವ ತಂತಿ, ಗಾಜಿನಲ್ಲುಳಿದ ಸೋಪು, ಇಲ್ಲವೇ ಪ್ರೋಟೀನ್ ಜೊತೆ ಬಂದ ಡಿಟರ್ಜೆಂಟ್. ಎರಡು ಹನಿಗಳ ಉಪ್ಪು ಸಮವಿಲ್ಲದಿದ್ದರೆ ಒಂದು ಊದಿ ಇನ್ನೊಂದು ಕುಗ್ಗುತ್ತದೆ.

ಪೊರೆ ತೀರಾ ಚಿಕ್ಕದಾಯಿತು ಎನಿಸಿದರೆ ಎಆರ್20 ಸಿಲಿಕೋನ್ ಎಣ್ಣೆಯನ್ನು ಹೆಕ್ಸಾಡೆಕೇನ್‌ಗೆ ಸಮಪ್ರಮಾಣದಲ್ಲಿ ಬೆರೆಸಿ. ಹನಿಗಳು ಹೆಚ್ಚು ಅಗಲವಾಗಿ ಅಂಟಿಕೊಳ್ಳುತ್ತವೆ. ಲಿಪಿಡ್ ಮಾತ್ರ ಮೊದಲು ಹೆಕ್ಸಾಡೆಕೇನ್‌ನಲ್ಲೇ ಕರಗಿರಬೇಕು.

ಡಿಪಿಎಚ್‌ಪಿಸಿಗೊಂದು ಮಿತಿಯಿದೆ. ನಮ್ಮ ಜೀವಕೋಶಗಳಲ್ಲಿ ಈ ಲಿಪಿಡ್ ಇಲ್ಲ. ಆಲ್ಫಾ ಹೀಮೊಲೈಸಿನ್‌ನಂಥ ರಂಧ್ರ ಪ್ರೋಟೀನ್ ಇದರಲ್ಲಿ ಚೆನ್ನಾಗಿ ಕೂರುತ್ತದೆ, 1 ಮೋಲಾರ್ ಉಪ್ಪಿನಲ್ಲಿ 100 ಮಿಲಿವೋಲ್ಟ್‌ಗೆ ಒಂದೊಂದು ರಂಧ್ರ ಕೂತಾಗಲೂ ಕರೆಂಟ್‌ನಲ್ಲಿ ಸುಮಾರು 100 ಪಿಕೋಆಂಪಿಯರ್‌ನ ಮೆಟ್ಟಿಲು ಕಾಣುತ್ತದೆ. ಸುತ್ತಲಿನ ಲಿಪಿಡ್ ಯಾವುದೆಂಬುದರ ಮೇಲೆಯೇ ಕೆಲಸ ನಿಂತಿರುವ ಚಾನೆಲ್‌ಗಳನ್ನು (ಅಯಾನು ಹಾಯಿಸುವ ಪ್ರೋಟೀನ್‌ಗಳನ್ನು) ಅಳೆಯುವವರು ಇದನ್ನು ತಳಹದಿಯಾಗಿಟ್ಟು ಬೇರೆ ಲಿಪಿಡ್ ಬೆರೆಸಿಯೇ ನೋಡಬೇಕು.