ಬುಶೆಲ್ ಲೆಕ್ಕದಲ್ಲಿ ಮೆಕ್ಕೆಜೋಳ: ಅಯೋವಾದ ಒಂದು ಧಾನ್ಯ ಎಲಿವೇಟರ್ ಕುರಿತು

ಅಯೋವಾ ರಾಜ್ಯದ ನಡುಭಾಗದಲ್ಲಿರುವ ನಮ್ಮೂರಿನ ಧಾನ್ಯ ಎಲಿವೇಟರ್‌ಗೆ ಈ ಸುಗ್ಗಿಯಲ್ಲಿ ನೆರೆಯ ರೈತರ ಲಾರಿಯಲ್ಲಿ ಆರು ಸಲ ಹೋಗಿಬಂದೆ. ರೈತರಿಂದ ಕಾಳು ಕೊಂಡು, ಒಣಗಿಸಿ, ಎತ್ತರದ ಕಾಂಕ್ರೀಟ್ ಕಣಜಗಳಿಗೆ ಏರಿಸಿಟ್ಟು, ಮುಂದೆ ರೈಲಿಗೋ ಎಥನಾಲ್ ಕಾರ್ಖಾನೆಗೋ ಸಾಗಿಸುವ ಕೇಂದ್ರಕ್ಕೆ ಇಲ್ಲಿ ಎಲಿವೇಟರ್ ಎನ್ನುತ್ತಾರೆ. ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿದ ನಾನು ಕ್ವಿಂಟಾಲ್, ಚೀಲ, ತೇವಾಂಶ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವನು. ಬುಶೆಲ್ ಲೆಕ್ಕದಲ್ಲಿ ನಡೆಯುವ ವ್ಯಾಪಾರ ರೈತನಿಗೆ ಎಷ್ಟು ನೇರವಾಗಿದೆ ಎಂಬುದನ್ನು ನೋಡುವ ಆಸೆಯಿಂದಲೇ ಜೊತೆಗೆ ಹೋದೆ.

ಬುಶೆಲ್ ಮೂಲದಲ್ಲಿ ನಮ್ಮ ಸೇರು, ಕೊಳಗಗಳಂತೆ ಪಾತ್ರೆಯ ಅಳತೆ. ಅಮೆರಿಕದ ಬುಶೆಲ್ 2,150.42 ಘನ ಅಂಗುಲ, ಅಂದರೆ ಸುಮಾರು 35.24 ಲೀಟರ್. ಆದರೆ ಇಂದು ಯಾರೂ ಮೆಕ್ಕೆಜೋಳವನ್ನು ಪಾತ್ರೆಯಲ್ಲಿ ಅಳೆದು ಮಾರುವುದಿಲ್ಲ. ಬಿಡಿಸಿದ ಕಾಳು 56 ಪೌಂಡ್ ತೂಗಿದರೆ, ಅಂದರೆ 25.4 ಕಿಲೋ ಆದರೆ, ಅದು ಒಂದು ಬುಶೆಲ್ ಎಂದು ಗೊತ್ತುಮಾಡಲಾಗಿದೆ. ಗೋಧಿಗೂ ಸೋಯಾ ಅವರೆಗೂ ಅದೇ ಬುಶೆಲ್ 60 ಪೌಂಡ್, ಓಟ್ಸ್‌ಗೆ 32 ಪೌಂಡ್. ಬಿಡಿಸದ ಮೆಕ್ಕೆಜೋಳದ ತೆನೆಯಾದರೆ ಬೆಂಡಿನ ತೂಕವೂ ಸೇರುವುದರಿಂದ 70 ಪೌಂಡ್ ಹಿಡಿಯುತ್ತಾರೆ. ನಮ್ಮ ಒಂದು ಕ್ವಿಂಟಾಲ್ 3.94 ಬುಶೆಲ್‌ಗೆ ಸಮ. ಷಿಕಾಗೋ ಮಾರುಕಟ್ಟೆಯ ಬೆಲೆಯನ್ನು ಊರಿನ ಬೆಲೆಯೊಂದಿಗೆ ಹೋಲಿಸಬೇಕಾದವರು ಅದನ್ನು 3.94ರಿಂದ ಗುಣಿಸಿ, ಆಮೇಲೆ ರೂಪಾಯಿಗೆ ತಿರುಗಿಸಿಕೊಳ್ಳಬೇಕು.

ಮೊದಲು ತೂಕದ ವಿಷಯ. ಈ ಕೇಂದ್ರದ ತೂಕದ ವ್ಯವಸ್ಥೆಯಲ್ಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ. ತುಂಬಿದ ಲಾರಿ ವೇಬ್ರಿಡ್ಜ್ ಮೇಲೆ ನಿಲ್ಲುತ್ತಲೇ ಹೊರಗಿನ ದೊಡ್ಡ ಅಂಕಿಫಲಕದಲ್ಲಿ ತೂಕ ಮೂಡುತ್ತದೆ. ಚಾಲಕನು ತನ್ನ ಸೀಟಿನಲ್ಲಿ ಕುಳಿತೇ ಅದನ್ನು ಓದಬಹುದು. ಕಾಳು ಸುರಿದು ಬಂದ ಮೇಲೆ ಖಾಲಿ ಲಾರಿಯನ್ನು ಮತ್ತೆ ತೂಗುತ್ತಾರೆ. ನಮ್ಮ ಮೂರನೆಯ ಲಾರಿ ತುಂಬಿದಾಗ 77,960 ಪೌಂಡ್, ಖಾಲಿಯಾದಾಗ 27,560 ಪೌಂಡ್ ಇತ್ತು. ಉಳಿದ 50,400 ಪೌಂಡನ್ನು 56ರಿಂದ ಭಾಗಿಸಿದರೆ ಸರಿಯಾಗಿ 900 ಬುಶೆಲ್.

ಆದರೆ ಹಣ ಸಿಗುವುದು ಆ 900ಕ್ಕಲ್ಲ. ಒಂದು ಉದ್ದನೆಯ ಲೋಹದ ತೋಳು ಮೇಲಿನಿಂದ ಇಳಿದು, ಲಾರಿಯ ಹಲವು ಕಡೆ ಕಾಳಿನ ರಾಶಿಯೊಳಕ್ಕೆ ಚುಚ್ಚಿ ಮಾದರಿಯನ್ನು ಎಳೆದುಕೊಳ್ಳುತ್ತದೆ. ಮಾದರಿ ಕೊಳವೆಯ ಮೂಲಕ ನೇರವಾಗಿ ಕಚೇರಿಯೊಳಗೆ ಬಂದು ಬೀಳುತ್ತದೆ. ಅಲ್ಲಿ ಯಂತ್ರವೊಂದು ತೇವಾಂಶವನ್ನೂ ಕಾಳಿನ ಗಟ್ಟಿತನವನ್ನು ಸೂಚಿಸುವ ಪರೀಕ್ಷಾ ತೂಕವನ್ನೂ ಹೇಳುತ್ತದೆ. ಪರೀಕ್ಷಾ ತೂಕ ಗಡಿಯ ಹತ್ತಿರ ಬಂದಾಗ ಅಲ್ಲಿನ ಹಿರಿಯ ನೌಕರರು ಹಳೆಯ ವಿಧಾನದಲ್ಲಿ ಮತ್ತೊಮ್ಮೆ ನೋಡುತ್ತಾರೆ. ಒಂದು ಕ್ವಾರ್ಟ್ ಹಿಡಿಯುವ ಪುಟ್ಟ ಹಿತ್ತಾಳೆಯ ಪಾತ್ರೆಗೆ ಆಲಿಕೆಯಿಂದ ಕಾಳನ್ನು ತುಂಬಿ ಚೆಲ್ಲುವಂತೆ ಬಿಟ್ಟು, ಮರದ ಪಟ್ಟಿಯಿಂದ ಅಂಕುಡೊಂಕಾಗಿ ಮೂರು ಸಲ ಎಳೆದು ಬಾಯಿಯನ್ನು ಸಮ ಮಾಡಿ, ಆಮೇಲೆ ತಕ್ಕಡಿಗೆ ಇಡುತ್ತಾರೆ. ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದ ನಮ್ಮಜ್ಜಿಯ ಕೈ ಆ ಕ್ಷಣ ನನ್ನ ಕಣ್ಣಮುಂದೆ ಬಂತು. 32 ಕ್ವಾರ್ಟ್ ಸೇರಿದರೆ ಒಂದು ಬುಶೆಲ್. ಪಾತ್ರೆಯ ಅಳತೆಯಾಗಿದ್ದ ಹಳೆಯ ಬುಶೆಲ್ ಈ ವ್ಯಾಪಾರದಲ್ಲಿ ಇನ್ನೂ ಜೀವಂತವಾಗಿರುವುದು ಈ ಒಂದು ಪರೀಕ್ಷೆಯಲ್ಲಿ ಮಾತ್ರ. ಎರಡನೆಯ ದರ್ಜೆಯ ಹಳದಿ ಮೆಕ್ಕೆಜೋಳಕ್ಕೆ ಈ ಪಾತ್ರೆ ಅಳತೆಯ ಬುಶೆಲ್‌ಗೆ ಕನಿಷ್ಠ 54 ಪೌಂಡ್ ಪರೀಕ್ಷಾ ತೂಕ ಇರಬೇಕು, ಒಡೆದ ಕಾಳು ಮತ್ತು ಕಸ ಶೇಕಡಾ 3ನ್ನು ಮೀರಬಾರದು, ಕೆಟ್ಟ ಕಾಳು ಶೇಕಡಾ 5ನ್ನು ಮೀರಬಾರದು. ಇಷ್ಟನ್ನೂ ನಮ್ಮ ಕಣ್ಣೆದುರೇ ಮಾಡಿ ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಊರಿನಲ್ಲಿ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ ತೇವ ಹೇಳಿ, ಬೆಲೆ ಇಳಿಸಿದವರನ್ನು ನಾನು ಕಂಡಿದ್ದೇನೆ.

ನನ್ನ ದೂರು ಇರುವುದು ತೇವಾಂಶದ ಕಡಿತದಲ್ಲಿ. ಇಲ್ಲಿ ಬುಶೆಲ್‌ನ ಬೆಲೆಗೆ ಆಧಾರ ಶೇಕಡಾ 15.5 ತೇವಾಂಶದ ಕಾಳು. ನಮ್ಮ ಲಾರಿಯಲ್ಲಿದ್ದುದು ಶೇಕಡಾ 19.5. ನೀರಿನ ಭಾಗವನ್ನಷ್ಟೇ ಕಳೆದರೆ 15.5ಕ್ಕಿಂತ ಹೆಚ್ಚಿರುವ ತೇವದ ಪ್ರತಿ ಒಂದು ಶೇಕಡಾ ಅಂಶಕ್ಕೆ ತೂಕದಲ್ಲಿ ಶೇಕಡಾ 1.183 ಇಳಿಯಬೇಕು, ಹಾಗೆ ಲೆಕ್ಕ ಹಾಕಿದರೆ 900 ಬುಶೆಲ್ 857.4 ಆಗುತ್ತದೆ. ಚೀಟಿಯಲ್ಲಿ ಇದ್ದುದು 849.6. ವಿಚಾರಿಸಿದಾಗ ಅವರು ಅಂಶಕ್ಕೆ ಶೇಕಡಾ 1.4ರಂತೆ ಕಳೆಯುತ್ತಾರೆಂದು ತಿಳಿಯಿತು. ಒಣಗಿಸುವಾಗ, ಸಾಗಿಸುವಾಗ ಕಾಳು ಒಡೆದು, ಧೂಳಾಗಿ ಸ್ವಲ್ಪ ನಷ್ಟವಾಗುವುದು ನಿಜ. ಅದಕ್ಕೆಂದು ನೀರಿನ ಲೆಕ್ಕಕ್ಕಿಂತ ಹೆಚ್ಚು ಕಳೆಯುವುದು ಇಲ್ಲಿ ಹಲವು ಕೇಂದ್ರಗಳ ವಾಡಿಕೆಯೂ ಹೌದು. ಆದರೂ ವ್ಯತ್ಯಾಸ ಒಂದು ಲಾರಿಗೆ 7.8 ಬುಶೆಲ್. ಬುಶೆಲ್‌ಗೆ 4 ಡಾಲರ್ ಎಂದು ಹಿಡಿದರೆ ಸುಮಾರು 31 ಡಾಲರ್. ಇಪ್ಪತ್ತು ಲಾರಿ ಮಾರುವ ರೈತನಿಗೆ 600 ಡಾಲರ್‌ಗೂ ಮೇಲು. ಇದರ ಮೇಲೆ ಒಣಗಿಸುವ ಶುಲ್ಕ ಬೇರೆ. ದರ ಹೆಚ್ಚೆಂಬುದಕ್ಕಿಂತಲೂ ಆ 1.4 ಎಂಬ ಅಂಕಿ ಚೀಟಿಯಲ್ಲಾಗಲಿ ಕಿಟಕಿಯ ಬಳಿಯಾಗಲಿ ಎಲ್ಲಿಯೂ ಕಾಣದೆ, ಒಳಗಿನ ಕಪಾಟಿನಿಂದ ಕಡಿತದ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಬೇಕಾಗಿ ಬಂದದ್ದು ನನಗೆ ಸರಿಕಾಣಲಿಲ್ಲ. ತೂಕವನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ತೋರಿಸುವವರು ಇದನ್ನೂ ತೋರಿಸಬೇಕು.

ಇನ್ನೊಂದು ಮಾತನ್ನು ಹೊಸಬರು ತಿಳಿದಿರಬೇಕು. ಕಾಳು ಶೇಕಡಾ 15.5ಕ್ಕಿಂತ ಹೆಚ್ಚು ಒಣಗಿದ್ದರೆ ಅದಕ್ಕೆ ಹೆಚ್ಚುವರಿ ಬುಶೆಲ್ ಕೊಡುವುದಿಲ್ಲ. ಅದೇ 50,400 ಪೌಂಡ್ ಶೇಕಡಾ 13ರಲ್ಲಿ ಇದ್ದಿದ್ದರೆ ಅದರಲ್ಲಿರುವ ಒಣ ಪದಾರ್ಥದ ಪ್ರಕಾರ 926.6 ಬುಶೆಲ್ ಆಗಬೇಕು. ಹಣ ಮಾತ್ರ 900ಕ್ಕೇ ಬರುತ್ತದೆ. ಅತಿಯಾಗಿ ಒಣಗಿಸಿದರೆ ಒಣಗಿಸಲು ಸುಟ್ಟ ಗ್ಯಾಸಿನ ಖರ್ಚೂ ಹೋಯಿತು, 26 ಬುಶೆಲ್ಲೂ ಹೋಯಿತು.

ಬೆಲೆಯ ವಿಷಯದಲ್ಲಿ ಮುಚ್ಚುಮರೆಯಿಲ್ಲ. 5,000 ಬುಶೆಲ್‌ಗೆ ಒಂದರಂತೆ ಒಪ್ಪಂದ ನಡೆಯುವ ಷಿಕಾಗೋದ ವಾಯಿದೆ ಬೆಲೆಯೂ (ಮುಂದೆ ಒಪ್ಪಿಸುವ ಕಾಳಿಗೆ ಈಗಲೇ ಗೊತ್ತಾಗುವ ಬೆಲೆ), ಅದಕ್ಕಿಂತ ಸ್ಥಳೀಯ ಬೆಲೆ ಎಷ್ಟು ಸೆಂಟ್ ಕಡಿಮೆ ಎಂಬುದೂ ಪರದೆಯ ಮೇಲೆ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಸರದಿ ಮಾತ್ರ ಸಂಜೆಯ ಹೊತ್ತಿಗೆ ಬಹಳ ಉದ್ದವಾಗುತ್ತದೆ. ಬೆಳಿಗ್ಗೆ ಹೋದವರಿಗೆ ಅನುಕೂಲ.

ನೆರೆಯವರೂ ನಾನೂ ಕುಳಿತು ಲೆಕ್ಕ ಹಾಕಿದ ಮೇಲೆ, ಶೇಕಡಾ 17ರ ಒಳಗಿನ ಕಾಳನ್ನು ಹೊಲದಿಂದ ನೇರವಾಗಿ ಈ ಕೇಂದ್ರಕ್ಕೇ ಒಯ್ಯುವುದೆಂದೂ, ಅದಕ್ಕಿಂತ ಹಸಿಯಾದುದನ್ನು ಅವರ ಮನೆಯ ಕಣಜದಲ್ಲಿ ಗಾಳಿ ಹಾಯಿಸಿ 15.5ರ ಸಮೀಪಕ್ಕೆ ತಂದು ಆಮೇಲೆ ಮಾರುವುದೆಂದೂ ತೀರ್ಮಾನಿಸಿದೆವು. ಪ್ರತಿ ಲಾರಿಯಿಂದ ಒಂದು ಡಬ್ಬಿ ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ, ಚೀಟಿಯ ಸಂಖ್ಯೆ ಬರೆದು, ಹಣ ಕೈಗೆ ಬರುವವರೆಗೆ ಇಟ್ಟುಕೊಳ್ಳುತ್ತೇವೆ.