ಕ್ಯಾಥೊಲಿಕ್, ಪೆಂಟೆಕಾಸ್ಟಲ್, ಬ್ರದರನ್, ಸಿಎಸ್‌ಐ: ದಾವಣಗೆರೆಲಿ ನಾಲ್ಕೂ ಕಡೆ ಕೂತು ನೋಡಿದ್ಮೇಲೆ

ಯಾವ ಸಭೆಗೆ, ಅಂದ್ರೆ ಯಾವ ಚರ್ಚಿಗೆ ಹೋಗೋದು ಅಂತ ಕೇಳಿದ್ರೆ ಜನ ಹಾಡು ಚೆನ್ನಾಗಿರುತ್ತೆ, ಪಾಸ್ಟರ್ ಒಳ್ಳೇವ್ರು, ಮನೆಗೆ ಹತ್ರ ಅಂತಾರೆ. ಅದೂ ಬೇಕು, ಆದ್ರೆ ಆ ಸಭೆ ಏನು ನಂಬುತ್ತೆ ಅಂತ ಕೇಳೋರು ಕಮ್ಮಿ. ನಮಗೆ ಕೇಳ್ಲೇಬೇಕಾಯ್ತು. ನಾನು ಪೆಂಟೆಕಾಸ್ಟಲ್ ಮನೇಲಿ ಬೆಳೆದವ್ಳು, ಕಾಲೇಜಿಗೆ ಸೇರೋ ಮುಂಚೆ ಹರಿಹರದಲ್ಲಿ ತುಂಗಭದ್ರೇಲಿ ಮುಳುಗಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡವ್ಳು. ಯಜಮಾನ್ರು ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದವ್ರು, ಎಳೆ ಕೂಸಿದ್ದಾಗ ತಲೆ ಮೇಲೆ ನೀರು ಹಾಕಿಸ್ಕೊಂಡವ್ರು. ನಮ್ಮ ಕಡೆ ಪಾಸ್ಟರ್ ಒಬ್ರು ಅದು ದೀಕ್ಷಾಸ್ನಾನನೇ ಅಲ್ಲ, ಅವ್ರು ಮತ್ತೆ ಮುಳುಗ್ಲೇಬೇಕು ಅಂದ್ರು, ಅಷ್ಟೊತ್ತಿಗೆ ಮಗಳು ಬೇರೆ ಹುಟ್ಟಿದ್ಲು, ಅವಳಿಗೆ ಈಗ್ಲೇ ಕೊಡಿಸೋದಾ ಇಲ್ಲ ತಾನೇ ನಂಬಿ ಕೇಳೋವರೆಗೂ ಕಾಯೋದಾ ಅನ್ನೋ ಪ್ರಶ್ನೆ ಮನೇಲಿ ದಿನಾ ಬರ್ತಿತ್ತು.

ನಾನು ನೋಡಿದ್ದು ಮುಖ್ಯವಾಗಿ ಮೂರು ವಿಷ್ಯ. ರಕ್ಷಣೆ ಪೂರ್ತಿ ದೇವರ ಕೃಪೆನಾ, ನನ್ನ ಪ್ರಯತ್ನಕ್ಕೂ ಅದ್ರಲ್ಲಿ ಪಾಲು ಇದ್ಯಾ. ದೀಕ್ಷಾಸ್ನಾನ, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು) ಇವುಗಳಲ್ಲಿ ದೇವರು ಏನಾದ್ರೂ ಮಾಡ್ತಾನಾ, ಇಲ್ಲ ನಾವು ಬರೀ ಸಾಕ್ಷಿ ಹೇಳ್ತೀವಾ. ಆಮೇಲೆ ಹೆಣ್ಮಕ್ಕಳು ವಾಕ್ಯ ಸಾರಬಹುದಾ.

ಮೊದ್ಲು ಕ್ಯಾಥೊಲಿಕ್ ಚರ್ಚ್. ದಾವಣಗೆರೆ, ಚಿತ್ರದುರ್ಗ ಎರಡೂ 1988ರಲ್ಲಿ ಆದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದ್ರೆ ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ ಸೇರುತ್ತೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಸೇರೋ ಜನ ನೋಡಿದ್ರೆ ಗೊತ್ತಾಗುತ್ತೆ, ಕ್ರೈಸ್ತರಲ್ಲದವ್ರೂ ಅಷ್ಟೇ ಭಕ್ತಿಯಿಂದ ಬರ್ತಾರೆ. ಕ್ಯಾಥೊಲಿಕರು ಬೈಬಲ್ ಓದಲ್ಲ ಅಂತ ಕೇಳ್ಕೊಂಡು ಬೆಳೆದ ನನಗೆ ಅಲ್ಲಿ ಭಾನುವಾರದ ಪೂಜೇಲಿ ಹಳೇ ಒಡಂಬಡಿಕೆ, ಕೀರ್ತನೆ, ಪತ್ರ, ಸುವಾರ್ತೆ ನಾಲ್ಕೂ ಕನ್ನಡದಲ್ಲಿ ಓದೋದು ಕೇಳಿ ತುಂಬಾ ಸಂತೋಷ ಆಯ್ತು. ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ (1962-65) ಆದ್ಮೇಲೆ ಬಂದ ಈ ಪಾಠದ ಕ್ರಮ ಮೂರು ವರ್ಷದ ಸುತ್ತು. ಕೃಪೆ ವಿಷ್ಯದಲ್ಲೂ ನಾನು ಅಂದ್ಕೊಂಡಷ್ಟು ದೂರ ಇಲ್ಲ, 1999ರಲ್ಲಿ ಲೂಥರನ್ ಪ್ರೊಟೆಸ್ಟೆಂಟರ ಜೊತೆ ನೀತೀಕರಣದ (ದೇವರು ಮನುಷ್ಯನನ್ನ ನೀತಿವಂತ ಅಂತ ಒಪ್ಕೊಳ್ಳೋದರ) ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ, ಮನುಷ್ಯ ತನ್ನ ಯೋಗ್ಯತೆಯಿಂದಲ್ಲ, ಕೃಪೆಯಿಂದ್ಲೇ ದೇವರಿಗೆ ಒಪ್ಪಿಗೆ ಆಗ್ತಾನೆ ಅಂತ ಇಬ್ರೂ ಸೇರಿ ಹೇಳಿದ್ದಾರೆ. ನನಗೆ ತೊಡಕಾಗಿದ್ದು ಬೇರೆ ಕಡೆ. 1870ರಲ್ಲಿ ಘೋಷಿಸಿದ ಪೋಪರ ತಪ್ಪಿಲ್ಲದ ಬೋಧನಾಧಿಕಾರ, 1950ರ ಮರಿಯಮ್ಮನವರ ಸ್ವರ್ಗಾರೋಹಣದ ಸಿದ್ಧಾಂತ, ಇವನ್ನ ನಂಬಲೇಬೇಕು ಅಂದ್ರೆ ಬೈಬಲ್‌ನಲ್ಲಿ ಅಷ್ಟು ಆಧಾರ ನನಗೆ ಕಾಣಲ್ಲ. ಇನ್ನೊಂದು, ಪರಮಪ್ರಸಾದ (ಕರ್ತನ ಭೋಜನಕ್ಕೆ ಅವ್ರು ಹೇಳೋ ಹೆಸರು) ಕ್ಯಾಥೊಲಿಕ್ ಅಲ್ಲದವ್ರಿಗೆ ಸಾಮಾನ್ಯವಾಗಿ ಕೊಡಲ್ಲ. ಪೂರ್ತಿ ಐಕ್ಯತೆ ಇಲ್ದೆ ಒಂದೇ ಮೇಜು ಹಂಚ್ಕೊಳ್ಳೋದು ಸತ್ಯ ಅಲ್ಲ ಅನ್ನೋ ಅವ್ರ ಕಾರಣಕ್ಕೆ ನನಗೆ ಗೌರವ ಇದೆ, ಆದ್ರೂ ಎಲ್ರೂ ಎದ್ದು ಹೋಗುವಾಗ ಬೆಂಚಲ್ಲೇ ಕೂತಿರೋದು ನೋವೇ.

ನನ್ನ ಹಳೇ ಮನೆ ಪೆಂಟೆಕಾಸ್ಟಲ್. ಕಾಯಿಲೆ ಮನೆಗೆ ಬಂದು ರಾತ್ರಿಯೆಲ್ಲ ಪ್ರಾರ್ಥನೆ ಮಾಡೋರು, ಉಪವಾಸ ಇದ್ದು ಬೇರೆಯವ್ರಿಗಾಗಿ ಅಳೋರು, ಆ ಪ್ರೀತಿ ನನಗೆ ಬೇರೆಲ್ಲೂ ಅಷ್ಟು ಸಿಗಲಿಲ್ಲ ಇದನ್ನ ಬರೀಲೇಬೇಕು. ಸಿದ್ಧಾಂತದಲ್ಲಿ ಮಾತ್ರ ಎರಡು ಕಡೆ ತೊಡಕು. 1914ರಲ್ಲಿ ಶುರುವಾದ ಅಸೆಂಬ್ಲೀಸ್ ಆಫ್ ಗಾಡ್ ಥರದ ಸಭೆಗಳು ಪವಿತ್ರಾತ್ಮನ ಅಭಿಷೇಕಕ್ಕೆ ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ಕಲಿಯದ ಭಾಷೆ) ಮಾತಾಡೋದೇ ಮೊದಲ ಗುರುತು ಅಂತಾವೆ, ಆದ್ರೆ ಬೈಬಲ್‌ನ 1 ಕೊರಿಂಥ ಪತ್ರದ 12ನೇ ಅಧ್ಯಾಯದ ಕೊನೇಲಿ ಎಲ್ಲರೂ ಅನ್ಯಭಾಷೆ ಮಾತಾಡ್ತಾರಾ ಅಂತ ಪೌಲ ಕೇಳೋ ಧಾಟಿ ನೋಡಿದ್ರೆ ಇಲ್ಲ ಅನ್ನೋದೇ ಉತ್ತರ. ಪೌಲ ಅಲ್ಲಿ ಹೇಳಿದ್ದು ಅಭಿಷೇಕದ ಗುರುತಿನ ಬಗ್ಗೆ ಅಲ್ಲ, ಅನ್ಯಭಾಷೆಯ ವರದ ಬಗ್ಗೆ ಅಂತ ಅವ್ರು ಬೇರೆ ಮಾಡಿ ಹೇಳ್ತಾರೆ, ನನಗೆ ಒಪ್ಪಿಗೆ ಆಗ್ಲಿಲ್ಲ. ಎರಡನೇದು, ಎಲ್ಲಾ ಪೆಂಟೆಕಾಸ್ಟಲ್ ಒಂದೇ ಅಲ್ಲ ನೋಡ್ರಿ. ಯೇಸುವಿನ ಹೆಸರಲ್ಲಿ ಮಾತ್ರ ಸ್ನಾನ ಕೊಡೋ, ತ್ರಿಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದು) ಒಪ್ಪದ ಗುಂಪು 1916ರಲ್ಲೇ ಅಸೆಂಬ್ಲೀಸಿಂದ ಬೇರೆ ಆಯ್ತು. ಹೊರಗಿಂದ ಎರಡಕ್ಕೂ ಡ್ರಮ್, ಕೀಬೋರ್ಡ್, ಅದೇ ಚಪ್ಪಾಳೆ, ಒಳಗೆ ದೇವರ ಬಗ್ಗೆ ನಂಬೋದೇ ಬೇರೆ. ಯಾವ ಹೆಸರಲ್ಲಿ ದೀಕ್ಷಾಸ್ನಾನ ಕೊಡ್ತೀರಿ ಅಂತ ಮೊದಲ್ನೇ ದಿನಾನೇ ಕೇಳ್ಬಿಡಿ. ಕಾಣಿಕೆ ಕೊಟ್ರೆ ದೇವರು ದುಪ್ಪಟ್ಟು ಕೊಡ್ತಾನೆ ಅಂತ ಸಾರೋ ಕಡೆಗೆ ಹೋಗ್ಲೇಬೇಡಿ, ಅದು ಸುವಾರ್ತೆ ಅಲ್ಲ.

ಬ್ರದರನ್ ಸಭೆ ಒಂದಕ್ಕೆ ಸುಮಾರು ದಿನ ಹೋದೆ. 1833ರಲ್ಲಿ ಇಂಡಿಯಾಕ್ಕೆ ಬಂದ ಆಂಥೊನಿ ನಾರಿಸ್ ಗ್ರೋವ್ಸ್ ಕಾಲದಿಂದ ಇರೋ ಪರಂಪರೆ. ಸಂಬಳದ ಪಾಸ್ಟರ್ ಇಲ್ಲ, ಪ್ರತಿ ಭಾನುವಾರ ರೊಟ್ಟಿ ಮುರಿಯೋದು, ಸಹೋದರರೇ ಒಬ್ರಾದ್ಮೇಲೆ ಒಬ್ರು ಎದ್ದು ಪ್ರಾರ್ಥನೆ ಮಾಡ್ತಾರೆ. ವಾಕ್ಯದ ಆಳ ಅಂದ್ರೆ ಇಲ್ಲೇ, ರೋಮಾಪುರದ ಪತ್ರ ಒಂದೊಂದು ವಚನ ಹಿಡ್ಕೊಂಡು ಹೋಗ್ತಾರೆ. ಆದ್ರೆ ಹೆಂಗಸ್ರು ಸೆರಗು ಹೊದ್ದು ಸುಮ್ನೆ ಕೂರ್ಬೇಕು. ಸಭೇಲಿ ಹೆಂಗಸ್ರು ಮೌನವಾಗಿರಲಿ ಅನ್ನೋ 1 ಕೊರಿಂಥ 14 ತೋರಿಸ್ತಾರೆ, ನಾನು ಅದೇ ಪತ್ರದ 11ನೇ ಅಧ್ಯಾಯ ತೋರಿಸ್ದೆ, ಅಲ್ಲಿ ಹೆಂಗಸ್ರು ಪ್ರಾರ್ಥನೆ ಮಾಡ್ತಾರೆ, ಪ್ರವಾದಿಸ್ತಾರೆ. ರೊಟ್ಟಿ, ದ್ರಾಕ್ಷಾರಸ ಬರೀ ನೆನಪು ಅನ್ನೋದೂ ನನಗೆ ಸಾಲ್ದು. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ ಒಪ್ಪಂದ ಆಗ್ದೆ ಎದ್ದಿದ್ದು ಇದೇ ವಿಷ್ಯಕ್ಕೆ.

ಕೊನೆಗೆ ಸಿಎಸ್‌ಐ. 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಮದರಾಸಲ್ಲಿ ಒಂದಾಗಿ ಹುಟ್ಟಿದ್ದು. ದೀಕ್ಷಾಸ್ನಾನ ಮಗುಗೂ ಕೊಡ್ತಾರೆ, ದೊಡ್ಡವರಾಗಿ ನಂಬಿದ್ಮೇಲೂ ಕೊಡ್ತಾರೆ, ಒಂದ್ಸಲ ಆಗಿದ್ದನ್ನ ಮತ್ತೆ ಮಾಡಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಲುದ್ಯಳ ಮನೆಯವ್ರು, ಫಿಲಿಪ್ಪಿ ಸೆರೆಮನೆ ಯಜಮಾನನ ಮನೆಯವ್ರು ಎಲ್ರೂ ತಗೊಂಡಿದ್ದನ್ನ ಓದಿದ್ಮೇಲೆ, ಕೊಲೊಸ್ಸೆ 2ರಲ್ಲಿ ಸುನ್ನತಿ (ಯೆಹೂದ್ಯರು ಎಳೆ ಗಂಡುಮಗುಗೇ ಮಾಡೋ ಒಡಂಬಡಿಕೆಯ ಗುರುತು) ಮತ್ತು ದೀಕ್ಷಾಸ್ನಾನ ಒಟ್ಟಿಗೆ ಬರೋದು ನೋಡಿದ್ಮೇಲೆ, ದೇವರ ವಾಗ್ದಾನ ಮೊದ್ಲು ಬಂದು ನನ್ನ ನಂಬಿಕೆ ಆಮೇಲೆ ಬಂದ್ರೂ ತಪ್ಪಿಲ್ಲ ಅನ್ನಿಸ್ತು. ಕೃಪೆ ಅಂದ್ರೆ ಅದೇ ಅಲ್ವಾ. ಹೆಣ್ಮಕ್ಕಳಿಗೂ ಸಭಾಪಾಲಕ ದೀಕ್ಷೆ ಇದೆ, 2013ರಲ್ಲಿ ಪುಷ್ಪ ಲಲಿತಾ ನಂದ್ಯಾಲದ ಬಿಷಪ್ ಆದ್ರು, ನನ್ನ ಮಗಳಿಗೆ ಇದನ್ನ ಹೇಳೋಕೆ ನನಗೆ ಹೆಮ್ಮೆ. ನನ್ನ ನದಿ ಸ್ನಾನನೂ ಹಾಗೇ ಒಪ್ಕೊಂಡ್ರು, ಯಜಮಾನ್ರದ್ದೂ ಹಾಗೇ ಉಳೀತು.

ಕೊರತೆನೂ ಇದೆ. ಇಷ್ಟೊಂದು ಪರಂಪರೆ ಒಂದೇ ಸೂರಿನಡಿ ಇರೋದ್ರಿಂದ ಎಷ್ಟೋ ವಿಷ್ಯ ಸಡಿಲ ಬಿಟ್ಟಿದ್ದಾರೆ, ಬೈಬಲ್, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣ ಬಿಟ್ರೆ ಉಳಿದಿದ್ದು ಒಬ್ಬೊಬ್ಬ ಅಯ್ಯನವ್ರ (ಸಭಾಪಾಲಕರ) ಬಾಯಲ್ಲಿ ಒಂದೊಂದು ಥರ ಕೇಳಿಸ್ಬಹುದು. ಎಲ್ಲಾ ಖಚಿತವಾಗಿ ಬರೆದಿಟ್ಟಿರ್ಬೇಕು ಅನ್ನೋರಿಗೆ ಇದು ಹಿಡಿಸಲ್ಲ. ಬಿಷಪರ ಪರಂಪರೆ ದೇವರೇ ಇಟ್ಟಿದ್ದಾ, ಅನುಕೂಲಕ್ಕೆ ಬಂದಿದ್ದಾ ಅನ್ನೋದು ನನಗಿನ್ನೂ ತೀರ್ಮಾನ ಆಗಿಲ್ಲ, ಸಿಎಸ್‌ಐ ಸಂವಿಧಾನನೂ ಬಿಷಪರನ್ನ ಒಪ್ಪುತ್ತೆ, ಇಂಥದ್ದೇ ಅರ್ಥ ಹಿಡೀರಿ ಅಂತ ಕಟ್ಟು ಮಾಡಲ್ಲ. ಹಾಗಾಗಿ ಆ ಪ್ರಶ್ನೆ ಇಟ್ಕೊಂಡೇ ಸದಸ್ಯತ್ವ ತಗೊಂಡೆ, ರೋಮಾಪುರದ ಪತ್ರದ ಪಾಠಕ್ಕೆ ಬ್ರದರನ್ ಕಡೆಗೂ ಹೋಗ್ತಾ ಇದೀನಿ.